ಐದು ಪಾಯಿಂಟ್ ಹತ್ತರ ಹುಡುಗಿ

ನಾನು ಎತ್ತರದ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನನ್ನನ್ನು ನೋಡಿದವರೆಲ್ಲ ಮೊದಲು ಹೇಳುವುದು ಅದನ್ನೇ. ಡೊಂಬಿವಲಿಯಲ್ಲಿ ಬೆಳಗಿನ ಲೋಕಲ್ ರೈಲು ಹತ್ತಿದರೆ ಲೇಡೀಸ್ ಡಬ್ಬಿಯ ಅರ್ಧ ಜನರ ಚೀಲಗಳು ಮೇಲಿನ ರ‍್ಯಾಕಿಗೆ ಏರುವುದು ನನ್ನ ಕೈಯಿಂದಲೇ. ‘ಏ ಲಂಬೂ, ಮಾಝಿ ಬ್ಯಾಗ್ ವರ್ ಠೇವ್ ನಾ’, ಉದ್ದದವಳೇ ನನ್ನ ಚೀಲ ಮೇಲಿಡು, ಎಂದು ಹೆಸರು ಗೊತ್ತಿಲ್ಲದ ಹೆಂಗಸರೂ ಹಕ್ಕಿನಿಂದ ಕೂಗುತ್ತಾರೆ. ಥಾಣೆಯಲ್ಲಿ ಗಾಡಿ ಬದಲಿಸುವಾಗ ಅವರ ಚೀಲಗಳನ್ನು ಒಂದೊಂದಾಗಿ ಇಳಿಸಿಕೊಟ್ಟು ನಾನು ಐರೋಲಿ ಗಾಡಿಯ ಪ್ಲಾಟ್‌ಫಾರ್ಮಿಗೆ ಓಡುತ್ತೇನೆ.

ಐರೋಲಿಯಲ್ಲಿ ನನ್ನ ಕೆಲಸ ಡೇಟಾಬೇಸ್ ಸಪೋರ್ಟ್. ಬೇರೆ ಬೇರೆ ಕಂಪನಿಗಳ ಮಾಹಿತಿಯ ಪಟ್ಟಿಗಳು ಕೆಟ್ಟಾಗ ಅವರು ನಮಗೆ ದೂರು ಹಾಕುತ್ತಾರೆ. ಆ ದೂರಿಗೆ ನಮ್ಮಲ್ಲಿ ಟಿಕೆಟ್ ಎನ್ನುತ್ತಾರೆ. ನಾನು ತಪ್ಪು ಹುಡುಕಿ ಸರಿ ಮಾಡಿ, ದೂರು ಹಾಕಿದವರ ಬಾಯಿಂದಲೇ ‘ಸರಿಯಾಯಿತು’ ಎನ್ನಿಸಿಕೊಂಡು ಟಿಕೆಟ್ ಮುಚ್ಚಬೇಕು. ಹೆಚ್ಚಿನ ತಪ್ಪುಗಳು ತೀರಾ ಸಣ್ಣವು. 00417 ಎಂಬ ನೌಕರನ ಕೋಡನ್ನು ಯಾರೋ ಬರಿಯ ಸಂಖ್ಯೆ ಎಂದು ಇಟ್ಟಿರುತ್ತಾರೆ, ಎದುರಿನ ಸೊನ್ನೆಗಳು ಉದುರಿ 417 ಉಳಿಯುತ್ತದೆ, ಆ ಬಡಪಾಯಿಗೆ ಕ್ಯಾಂಟೀನಿನ ಗೇಟು ತೆರೆಯುವುದಿಲ್ಲ. ಇಂಥದ್ದನ್ನು ನಾನು ಚಹಾ ಆರುವುದರೊಳಗೆ ಹಿಡಿಯುತ್ತೇನೆ ಎಂದು ನನಗೆ ಸ್ವಲ್ಪ ಜಂಬವೂ ಇತ್ತು.

ಈಗ ಹೇಳುತ್ತಿರುವುದು ಎರಡು ವರ್ಷದ ಹಿಂದಿನ ಮಾತು. ನನಗಾಗ ಮೂವತ್ತು. ಅಮ್ಮನಿಗೆ ನನ್ನ ಮದುವೆಯ ಚಿಂತೆ. ನನಗೆ ಅದರ ಚಿಂತೆಯೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ನನಗೆ ಬೇಕಾಗಿದ್ದದ್ದು ಇಷ್ಟೇ: ನಾನು ಎದ್ದು ನಿಂತಾಗ ಮುಖ ಸಪ್ಪಗಾಗದ ಒಬ್ಬ ಗಂಡಸು. ದೊಡ್ಡ ಸಂಬಳ, ವಾಶಿಯಲ್ಲಿ ಫ್ಲ್ಯಾಟು, ಇವೆಲ್ಲ ಅಮ್ಮನ ಪಟ್ಟಿಯಲ್ಲಿದ್ದವು, ನನ್ನದರಲ್ಲಿ ಇರಲಿಲ್ಲ.

ಡೊಂಬಿವಲಿಯಲ್ಲಿ ನಮ್ಮ ಊರ ಕಡೆಯವರ ಒಂದು ಸಂಘವಿದೆ. ಮೊದಲ ಮಹಡಿಯಲ್ಲಿ ಎರಡು ಕೋಣೆ, ಒಂದರಲ್ಲಿ ಭಜನೆಯ ತಾಳ ಮದ್ದಳೆ, ಇನ್ನೊಂದರಲ್ಲಿ ಕಂಪ್ಯೂಟರು. ಅಲ್ಲಿ ಮದುವೆಗಿರುವ ಹುಡುಗ ಹುಡುಗಿಯರ ಹೆಸರು ನೋಂದಾಯಿಸುತ್ತಾರೆ. ಅಮ್ಮ ಫಾರ್ಮು ತುಂಬಿ ಕೊಟ್ಟು ಬಂದರು: ವಿದ್ಯೆ, ನಕ್ಷತ್ರ, ಎತ್ತರ, ಬಳಿ. ಬಳಿ ಎಂದರೆ ನಮ್ಮಲ್ಲಿ ತಾಯಿಯ ಕಡೆಯಿಂದ ಬರುವ ಕುಲ. ಒಂದೇ ಬಳಿಯವರು ಅಣ್ಣತಂಗಿಯರ ಲೆಕ್ಕ, ಮದುವೆಯಾಗುವ ಹಾಗಿಲ್ಲ. ನನಗೆ ಬಳಿ ಬಂದದ್ದು ಅಮ್ಮನಿಂದ, ಎತ್ತರ ಬಂದದ್ದು ಅಪ್ಪನಿಂದ. ಅಪ್ಪ ವಾಶಿಯ ಹೋಟೆಲಿನಲ್ಲಿ ಮ್ಯಾನೇಜರು. ಭಾನುವಾರ ಅವರಿಗೆ ಉಸಿರಾಡಲೂ ಪುರುಸೊತ್ತಿಲ್ಲ, ಆದ್ದರಿಂದ ಹುಡುಗನ ಕಡೆಯವರು ಬಂದಾಗ ಮನೆಯಲ್ಲಿ ಇರುತ್ತಿದ್ದದ್ದು ಅಮ್ಮ ಮತ್ತು ನಾನು ಮಾತ್ರ.

ಸಂಘದ ಕ್ರಮ ಹೀಗೆ. ಹುಡುಗಿಯ ಮನೆಗೆ ಹುಡುಗರ ಪಟ್ಟಿ ಬರುತ್ತದೆ, ಹುಡುಗನ ಮನೆಗೆ ಹುಡುಗಿಯರ ಪಟ್ಟಿ ಹೋಗುತ್ತದೆ. ನಮ್ಮ ವಿವರ ಅವರ ಪಟ್ಟಿಯಲ್ಲಿ ಹೇಗೆ ಅಚ್ಚಾಗಿದೆ ಎಂದು ನಾವು ನೋಡುವ ಪ್ರಮೇಯವೇ ಬರುವುದಿಲ್ಲ. ಪಟ್ಟಿ ನೋಡಿ ಮೊದಲು ಫೋನ್ ಮಾಡುವುದು, ಮೊದಲು ಮನೆಗೆ ಬರುವುದು ಹುಡುಗನ ಕಡೆಯವರೇ.

ಮೊದಲು ಬಂದವರು ಉಲ್ಲಾಸನಗರದ ಕಡೆಯವರು: ಹುಡುಗ, ಅವನ ತಾಯಿ, ಒಬ್ಬರು ಸೋದರಮಾವ. ನಾನು ಬಗ್ಗಿ ಕಾಫಿ ಕೊಟ್ಟು ನೆಟ್ಟಗಾದೆ ಅಷ್ಟೆ, ಸೋದರಮಾವ ಮೇಲೆ ನೋಡಿ, ‘ಜಾಗ್ರತೆ ಮಗಾ, ಫ್ಯಾನ್ ತಾಗೀತು’ ಎಂದರು. ಹುಡುಗ ನನ್ನ ಗಲ್ಲದವರೆಗೆ ಬರುತ್ತಿದ್ದ. ಎರಡನೆಯವರು ಗೋಳಿಬಜೆಯ ತಟ್ಟೆಯನ್ನು ಎರಡು ಸಲ ಖಾಲಿ ಮಾಡಿ, ಜಾತಕ ಕೂಡುವುದಿಲ್ಲ ಎಂದು ಹೇಳಿ ಎದ್ದರು. ಜಾತಕ ಕೂಡಿದ ಮೇಲೆಯೇ ಅವರು ಬಂದದ್ದು.

ಮನೆಯಲ್ಲಿ ನಾವು ಆಡುವುದು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ನಿನ್ನ ಎತ್ತರ ಗೊತ್ತಿದ್ದೇ ಬರುದಲ್ವಾ ಅವ್ರು?’ ಎಂದು ಅಮ್ಮ ತಟ್ಟೆ ತೊಳೆಯುತ್ತಾ ಕೇಳುತ್ತಿದ್ದರು. ‘ಅಡ್ಡಿ ಇಲ್ಲ ಅಂತಲೇ ಬಂದು, ನೋಡಿದ ಮೇಲೆ ಎಂತ ಮಾರಾಯ್ತಿ ಇವರ ಮುಖ ಹೀಗಾಗುದು?’ ಅದೇ ನನ್ನ ಉರಿಯೂ ಆಗಿತ್ತು. ಕಾಗದದಲ್ಲಿ ಒಪ್ಪಿಗೆಯಾದವಳು ಎದುರು ನಿಂತಾಗ ಒಪ್ಪಿಗೆಯಾಗುವುದಿಲ್ಲ ಎಂದರೆ, ನನ್ನಲ್ಲೇ ಏನೋ ಅತಿಯಾಗಿದೆ ಎಂದು ತಾನೆ ಅರ್ಥ? ಇನ್ನೊಂದು ಸಲ, ಅದೇ ಕೊನೆ, ಆಮೇಲೆ ಯಾರು ಬಂದರೂ ನಾನು ಅಡುಗೆಮನೆಯಿಂದ ಹೊರಗೆ ಬರುವುದಿಲ್ಲ ಎಂದು ಅಮ್ಮನಿಗೆ ಖಡಾಖಂಡಿತವಾಗಿ ಹೇಳಿದೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಅದೂ ಅಪ್ಪನ ಕಡೆಯಿಂದ ಬಂದದ್ದಂತೆ.

ಮೂರನೆಯವನು ಅಂಬರನಾಥದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ತಯಾರಾದ ಬಿಡಿಭಾಗಗಳ ಅಳತೆ ತೆಗೆದು ಪಾಸು ಫೇಲು ಮಾಡುವುದು ಅವನ ಕೆಲಸ. ಹುಟ್ಟಿ ಬೆಳೆದದ್ದು ಕಳವಾದಲ್ಲಿ. ತುಳು ಕನ್ನಡ ಎರಡೂ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ತಾಯಿಯ ಜೊತೆ ಬಂದಿದ್ದ. ಐದಡಿ ಏಳು ಇಂಚು ಎಂದು ನಮ್ಮ ಪಟ್ಟಿಯಲ್ಲಿತ್ತು, ಇದ್ದದ್ದೂ ಅಷ್ಟೇ.

ಕಾಫಿ ಕೊಟ್ಟು ನಾನು ನೆಟ್ಟಗೆ ನಿಂತೆ. ಅವನೂ ಎದ್ದು ನಿಂತ. ನನ್ನ ಕೈಯಿಂದ ಟ್ರೇ ತೆಗೆದುಕೊಂಡು ಮೇಜಿನ ಮೇಲಿಟ್ಟು, ‘ಆಪ್ ಭೀ ಬೈಠಿಯೇ ನಾ’ ಎಂದು ನನ್ನನ್ನೂ ಕೂರಲು ಹೇಳಿದ. ಆ ಒಂದು ಕ್ಷಣ ನನಗೆ ಅವನು ಹಿಡಿಸಿದ. ಇದನ್ನು ಬಚ್ಚಿಟ್ಟು ಪ್ರಯೋಜನವಿಲ್ಲ, ನಿಜಕ್ಕೂ ಹಿಡಿಸಿದ. ಅಷ್ಟರಲ್ಲಿ ಅವನು ಜೇಬಿನಿಂದ ಸಂಘದ ಪಟ್ಟಿ ತೆಗೆದ. ಪಟ್ಟಿ ನೋಡಿದ, ನನ್ನನ್ನು ನೋಡಿದ, ಮತ್ತೆ ಪಟ್ಟಿ ನೋಡಿ ಹುಬ್ಬು ಗಂಟಿಕ್ಕಿದ. ಅಂಗಡಿಯಲ್ಲಿ ಸೀರೆಯ ಬೆಲೆಚೀಟಿ ನೋಡುವವರ ಹಾಗೆ ಕಂಡಿತು ನನಗೆ. ಹಿಡಿಸಿದ್ದಕ್ಕೇ ಇನ್ನೂ ಹೆಚ್ಚು ಕೋಪ ಬಂತು. ಟ್ರೇ ಎತ್ತಿಕೊಂಡು ಅರ್ಧ ಕುಡಿದಿದ್ದ ಅವನ ಲೋಟವನ್ನೂ ಅದರಲ್ಲಿಟ್ಟು ಒಳಗೆ ಹೋದೆ. ಅವರು ಮೆಟ್ಟಿಲು ಇಳಿಯುವಾಗ ಅವನ ತಾಯಿ ‘ಹುಡುಗಿ ಅತಿ ಉದ್ದವಾಯಿತು’ ಎಂದದ್ದು ಮೂರೂ ಮಹಡಿಗೆ ಕೇಳಿಸಿತು.

ನಾಲ್ಕು ದಿನ ಕಳೆದು ಸಂಘದ ಕಾರ್ಯದರ್ಶಿಗಳ ಫೋನು ಬಂತು. ಇವರು ಕಲ್ಯಾಣ ಸ್ಟೇಶನ್ನಿನ ಎದುರು ಬಹಳ ವರ್ಷ ಹೋಟೆಲು ನಡೆಸಿ, ಈಗ ಅದನ್ನು ಮಗನಿಗೆ ಬಿಟ್ಟು, ಊರಿನ ಮಕ್ಕಳ ಮದುವೆ ಮಾಡಿಸುವುದರಲ್ಲಿ ಮುಳುಗಿರುವವರು. ಮಾತು ಸ್ವಲ್ಪ ನೇರ. ‘ಒಂದು ಕಂಪ್ಲೇಂಟ್ ಬಂದಿದೆ ಅಕ್ಕ. ಹುಡುಗಿಯ ಹೈಟ್ ತಪ್ಪು ಉಂಟಂತೆ. ನೀವು ಕಡಿಮೆ ಬರ್ದು ಕೊಟ್ಟದ್ದಾ?’ ಎಂದು ಅಮ್ಮನನ್ನು ಕೇಳಿದರು.

ಅಮ್ಮ ಫೋನು ಇಟ್ಟು ನನ್ನ ಕಡೆ ತಿರುಗಿದರು. ಒಂದು ರೂಪಾಯಿ ಚಿಲ್ಲರೆ ಹೆಚ್ಚು ಬಂದರೆ ತರಕಾರಿಯವನನ್ನು ಹುಡುಕಿಕೊಂಡು ಹೋಗಿ ಕೊಡುವ ಹೆಂಗಸು. ‘ನಾನು ಸುಳ್ಳು ಬರ್ದು ನಿನ್ನನ್ನು ದಾಟಿಸ್ಲಿಕ್ಕೆ ನೋಡಿದ್ದಂತೆ’ ಎಂದು ಮೆಲ್ಲನೆ ಹೇಳಿದರು. ಇದು ಆ ಅಂಬರನಾಥದವನ ತಾಯಿಯದೇ ಕೆಲಸ. ಉದ್ದವಾಯಿತು ಎಂದದ್ದು ಸಾಲದೆ ಈಗ ಕಳ್ಳರನ್ನಾಗಿಯೂ ಮಾಡಿದರು. ಅಮ್ಮ ಬರೆದದ್ದು ಸರಿ ಎಂದು ತೋರಿಸಿ, ಆ ತಾಯಿಗೆ ಒಂದು ಖಾರವಾದ ಉತ್ತರ ಕೊಟ್ಟೇ ತೀರುವುದೆಂದು ಭಾನುವಾರ ಬೆಳಿಗ್ಗೆ ಸಂಘದ ಮೆಟ್ಟಿಲು ಹತ್ತಿದೆ.

ಕಾರ್ಯದರ್ಶಿಗಳು ಕಂಪ್ಯೂಟರಿನಲ್ಲಿ ನನ್ನ ವಿವರ ತೆಗೆದು ತೋರಿಸಿದರು. ಎತ್ತರ: 5.1.

‘ನೋಡು, ಐದಡಿ ಒಂದಿಂಚು’ ಎಂದರು. ಆಮೇಲೆ ತಲೆಯೆತ್ತಿ ನನ್ನನ್ನು ಪೂರ್ತಿ ನೋಡಿ, ‘ಸ್ವಲ್ಪ ಹೆಚ್ಚೇ ಇರ್ಬೇಕು ನೀನು’ ಎಂದರು.

‘ಕಾಗದದ ಫಾರ್ಮು ಎಲ್ಲಿ ಅಂಕಲ್?’

ಕಪಾಟಿನಿಂದ ಫೈಲು ಬಂತು. ಅಮ್ಮನ ದುಂಡನೆಯ ಅಕ್ಷರ: ಐದು, ಚುಕ್ಕೆ, ಒಂದು, ಸೊನ್ನೆ. ಐದಡಿ ಹತ್ತಿಂಚನ್ನು ನಮ್ಮವರೆಲ್ಲ ಬರೆಯುವುದೇ ಹೀಗೆ, 5.10 ಎಂದು. ಹೇಳುವುದೂ ಹಾಗೆಯೇ, ಐದು ಪಾಯಿಂಟ್ ಹತ್ತು. ಅಡಿಗೂ ಇಂಚಿಗೂ ನಡುವೆ ಆ ಚುಕ್ಕೆ ಇಡುವುದರಲ್ಲಿ ಏನೋ ಅಪಾಯವಿದೆ ಎಂದು ಯಾರಿಗೂ ಹೊಳೆದಿರಲಿಲ್ಲ. ದಿನಾ ಇದೇ ಕೆಲಸ ಮಾಡುವ ನನಗೂ ಹೊಳೆದಿರಲಿಲ್ಲ.

ಒಂದು ಕಾಲಮ್ಮು ಮಾಡುವಾಗ ಅದರಲ್ಲಿ ಏನು ತುಂಬುತ್ತೇವೆ ಎಂದು ಡೇಟಾಬೇಸಿಗೆ ಮೊದಲೇ ಹೇಳಬೇಕು: ಅಕ್ಷರವೋ, ತಾರೀಕೋ, ಪೂರ್ಣ ಸಂಖ್ಯೆಯೋ, ದಶಮಾಂಶವೋ. ಇದಕ್ಕೇ ಡೇಟಾ ಟೈಪ್ ಎನ್ನುವುದು. ಸಂಘಕ್ಕೆ ಇದನ್ನು ಮಾಡಿಕೊಟ್ಟವರು, ನಡುವೆ ಚುಕ್ಕೆ ಕಂಡದ್ದರಿಂದ, ಎತ್ತರವನ್ನು ದಶಮಾಂಶ ಎಂದಿಟ್ಟಿದ್ದರು. ದಶಮಾಂಶದಲ್ಲಿ 5.10 ಮತ್ತು 5.1 ಎರಡೂ ಒಂದೇ, ಕೊನೆಯ ಸೊನ್ನೆಗೆ ಬೆಲೆಯಿಲ್ಲ. ಆ ಸೊನ್ನೆಯ ಜೊತೆ ನನ್ನ ಒಂಬತ್ತು ಇಂಚು ಉದುರಿಹೋಗಿತ್ತು. ಐದಡಿ ಹನ್ನೊಂದಿಂಚಿನವರ ಗತಿಯೂ ಚೆನ್ನಾಗಿರಲಿಲ್ಲ. 5.11 ಎಂಬುದು ಸಂಖ್ಯೆಯಾಗಿ 5.2ಕ್ಕಿಂತ ಸಣ್ಣದು, ಹಾಗಾಗಿ ಯಂತ್ರದ ಲೆಕ್ಕದಲ್ಲಿ ಅವರು ಐದಡಿ ಎರಡಿಂಚಿನವರಿಗಿಂತ ಗಿಡ್ಡ.

ಇದನ್ನು ಬಿಡಿಸಿ ಹೇಳಿದಾಗ ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ‘ಅಂದ್ರೆ ನಮ್ಮ ಉದ್ದದವರೆಲ್ಲ ಇಷ್ಟು ವರ್ಷ ಗಿಡ್ಡದವರ ಸಾಲಲ್ಲಿ ಕೂತದ್ದಾ?’

‘ಹೌದು ಅಂಕಲ್.’

‘ಅಯ್ಯೋ ದೇವ್ರೇ, ಆ ನೆರೂಳಿನ ಹುಡುಗ!’ ಎಂದು ಹಣೆ ಬಡಿದುಕೊಂಡರು. ಅವನೂ ಐದಡಿ ಹತ್ತಿಂಚಿನವನಂತೆ. ಮೂರು ವರ್ಷದಿಂದ ಅವನಿಗೆ ಐದಡಿ, ಐದಡಿಗಿಂತ ಕಡಿಮೆ, ಅಂಥ ಹುಡುಗಿಯರ ಹೆಸರೇ ಹೋಗುತ್ತಿತ್ತು. ‘ಗ್ರಹಚಾರ ಅಂತ ಊರಿಗೆ ಹೋಗಿ ಆಶ್ಲೇಷಾ ಬಲಿ ಮಾಡಿಸಿ ಬಂದ ಮಾರಾಯ್ತಿ. ಅದೂ ನಾನೇ ಹೇಳಿದ್ದು.’ ಒಂದು ಡೇಟಾ ಟೈಪಿನ ದೋಷಕ್ಕೆ ನಾಗದೇವರ ಪೂಜೆ ಆಗಿಹೋಗಿತ್ತು. ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ ಆಗಲಿಲ್ಲ.

ಉದುರಿದ ಸೊನ್ನೆಯನ್ನು ಯಂತ್ರದಿಂದ ಮರಳಿ ಪಡೆಯುವ ಉಪಾಯವಿಲ್ಲ. 5.1 ಎಂದಿರುವವರಲ್ಲಿ ಯಾರು ಒಂದಿಂಚಿನವರು, ಯಾರು ಹತ್ತಿಂಚಿನವರು ಎಂದು ಅದಕ್ಕೇ ಗೊತ್ತಿಲ್ಲ. ಕಾಗದವೇ ಗತಿ. ನಾನು ಇಂಚಿನ ಲೆಕ್ಕದ ಒಂದು ಹೊಸ ಕಾಲಮ್ಮು ಮಾಡಿದೆ, ಪೂರ್ಣ ಸಂಖ್ಯೆಯದು. ಅವರು ಒಂದೊಂದೇ ಫಾರ್ಮು ಓದಿದರು, ನಾನು ತುಂಬಿದೆ. ನನ್ನದು ಎಪ್ಪತ್ತು. ಕೆಳಗಿನ ಹೋಟೆಲಿನಿಂದ ಬನ್ಸ್ ತರಿಸಿದರು. ಮಧ್ಯೆ ಮಧ್ಯೆ ಫಾರ್ಮು ನೋಡಿ, ‘ಇವಳ ಮದುವೆ ಆಯ್ತು, ಇವನದ್ದೂ ಆಯ್ತು, ಹೆಸರು ತೆಗೆಸ್ಲಿಕ್ಕೆ ಯಾರೂ ಬರುದಿಲ್ಲ ನೋಡು’ ಎಂದು ಬೈದುಕೊಂಡರು.

ಎಲ್ಲ ತುಂಬಿ ಮುಗಿಸಿ ಪಟ್ಟಿ ತೆಗೆದರೆ ಅದರಲ್ಲಿ ಮತ್ತೆ 5.1. ಕಾರ್ಯದರ್ಶಿಗಳು ನನ್ನನ್ನು ಅನುಮಾನದಿಂದ ನೋಡಿದರು.

‘ಅಂಕಲ್, ನಿಮ್ಮ ಹೋಟೆಲಿನಲ್ಲಿ ಬೋರ್ಡಿತ್ತಲ್ಲ, ಇವತ್ತಿನ ತಿಂಡಿ ಅಂತ? ತಿಂಡಿ ಇರುವುದು ಅಡುಗೆಮನೆಯಲ್ಲಿ. ಗಿರಾಕಿಗೆ ಕಾಣುವುದು ಬೋರ್ಡಿನಲ್ಲಿ ಬರೆದದ್ದು ಮಾತ್ರ. ಈ ಪಟ್ಟಿಗೆ ವ್ಯೂ ಅಂತ ಹೆಸರು, ಇದೂ ಬೋರ್ಡೇ. ಒಳಗೆ ನಾವು ಹೊಸ ತಿಂಡಿ ಮಾಡಿದ್ದೇವೆ, ಬೋರ್ಡು ಹಳೆಯದು.’

‘ಹಾಗೆ ಹೇಳು ಮತ್ತೆ’ ಎಂದರು. ‘ಒರ್ಸಿ ಬರಿ.’

ಒರೆಸಿ ಬರೆದೆ. ಹಳೆಯ ಎತ್ತರ ಇದ್ದಲ್ಲೆಲ್ಲ ಹೊಸ ಕಾಲಮ್ಮಿನ ಹೆಸರು ಹಾಕಿ, ಮೊದಲಿಗೆ ನನ್ನದೇ ಪಟ್ಟಿ ತೆಗೆದೆ. ಬೆಳಿಗ್ಗೆ ಒಂದು ಪುಟ ತುಂಬ ಇದ್ದ ಹುಡುಗರು ಈಗ ಇಬ್ಬರೇ. ಒಬ್ಬ ಆರಡಿ ಒಂದಿಂಚು. ಅವನಿಗೆ ಮದುವೆಯಾಗಿ, ಮಗುವಿನ ನಾಮಕರಣಕ್ಕೆ ಕಾರ್ಯದರ್ಶಿಗಳೇ ಹೋಗಿ ಊಟ ಮಾಡಿ ಬಂದಿದ್ದರು. ಇನ್ನೊಬ್ಬ ಐದಡಿ ಹನ್ನೊಂದು, ಡಾಕ್ಟರು, ಡಾಕ್ಟರು ಹುಡುಗಿಯೇ ಬೇಕಂತೆ. ನಾನು ನೋಡಬಾರದೆಂದುಕೊಂಡೇ ಅಂಬರನಾಥದವನ ಹೆಸರು ಹುಡುಕಿದೆ. ಇರಲಿಲ್ಲ. ತಪ್ಪು ಸರಿಪಡಿಸಿದ ಖುಷಿ ಅಲ್ಲಿಗೇ ಮುಗಿಯಿತು. ನನ್ನ ಎತ್ತರ ಮೊದಲಿನಿಂದಲೂ ಸರಿಯಾಗಿ ಅಚ್ಚಾಗಿದ್ದರೆ ಅವನು ನಮ್ಮ ಮನೆಗೆ ಬರುತ್ತಲೇ ಇರಲಿಲ್ಲ ಎಂದು ಆಗ ಹೊಳೆಯಿತು.

ವ್ಯೂ ಹೇಗೆ ಬರೆದಿದ್ದಾರೆ ಎಂದು ಈ ಸಲ ನಿಧಾನವಾಗಿ ಓದಿದೆ. ಮೂರು ಷರತ್ತುಗಳಿದ್ದವು: ಬಳಿ ಬೇರೆಯಾಗಿರಬೇಕು. ಹುಡುಗನ ವಯಸ್ಸು ಹೆಚ್ಚಿರಬೇಕು. ಹುಡುಗನ ಎತ್ತರ ಹೆಚ್ಚಿರಬೇಕು.

‘ಈ ಮೂರನೆಯದ್ದು ಹಾಕಿಸಿದ್ದು ಯಾರು ಅಂಕಲ್?’

‘ಹಾಕಿಸುದು ಎಂತದ್ದು? ಗೊತ್ತಿದ್ದದ್ದೇ ಅಲ್ವಾ ಅದು?’

‘ಫಾರ್ಮಿನಲ್ಲಿ ಯಾರನ್ನಾದರೂ ಕೇಳಿದ್ದೀರಾ? ಹುಡುಗಿ ನಿಮಗಿಂತ ಎತ್ತರ ಇದ್ದರೆ ಆಗಬಹುದಾ ಅಂತ?’

‘ಅದನ್ನೆಲ್ಲ ಕೇಳ್ತಾರಾ ಮಗಾ?’

‘ಬೋರ್ಡಿನಲ್ಲಿ ಬರೆಯದೆ ಇದ್ದರೆ ಗಿರಾಕಿ ಕೇಳುವುದಾದರೂ ಹೇಗೆ?’ ನನ್ನ ದನಿ ಏರಿತ್ತು. ಅವರು ಫೈಲು ಮುಚ್ಚಿ, ಕಮಿಟಿಯಲ್ಲಿ ಮಾತಾಡಬೇಕು, ತಾನೊಬ್ಬನೇ ತೆಗೆದರೆ ಬೈಸಿಕೊಳ್ಳಬೇಕಾಗುತ್ತದೆ ಎಂದರು. ಬೇರೆಯವರ ವ್ಯೂವನ್ನು ಅವರ ಒಪ್ಪಿಗೆಯಿಲ್ಲದೆ ನಾನು ಬದಲಿಸುವವಳಲ್ಲ. ಹಾಗೆಯೇ ಬಿಟ್ಟೆ.

ಉಳಿದದ್ದು ನಾನು ಬಂದ ಕೆಲಸ. ದೂರು ಕೊಟ್ಟವರಿಗೆ ಉತ್ತರ ಕೊಡಬೇಕಿತ್ತು. ಅಮ್ಮನ ಫಾರ್ಮಿನ ಫೋಟೋ ತೆಗೆದಿಟ್ಟುಕೊಂಡಿದ್ದೆ, ಖಾರದ ಮಾತುಗಳೂ ನಾಲಗೆಯ ಮೇಲೆ ಸಾಲಾಗಿ ನಿಂತಿದ್ದವು. ‘ಆ ಕಂಪ್ಲೇಂಟು ತೋರಿಸಿ ಅಂಕಲ್’ ಎಂದೆ. ಅವರು ಫೋನಿನಲ್ಲಿ ಹುಡುಕಿ ಕೊಟ್ಟರು. ಮೆಸೇಜು ತಾಯಿಯದಾಗಿರಲಿಲ್ಲ, ಮಗನದು. ಇಂಗ್ಲಿಷ್ ಅಕ್ಷರಗಳಲ್ಲಿ ಕಷ್ಟಪಟ್ಟು ಬರೆದ ಕನ್ನಡ.

‘ನಮಸ್ಕಾರ. ನಾವು ಸಂಡೇ ಡೊಂಬಿವಲಿಯಲ್ಲಿ ಒಂದು ಮನೆಗೆ ಹೋಗಿದ್ದೆವು. ನಿಮ್ಮ ಲಿಸ್ಟಲ್ಲಿ ಅವರ ಹೈಟ್ 5.1 ಉಂಟು. ಅದು ಗಲತ್. ಅವರು ನನಗಿಂತ ಎತ್ತರ ಇದ್ದಾರೆ, ಚೆನ್ನಾಗಿ ಇದ್ದಾರೆ. ಅವರ ಮಿಸ್ಟೇಕ್ ಅಲ್ಲ, ನಿಮ್ಮ ಲಿಸ್ಟಿನ ಮಿಸ್ಟೇಕ್. ಈ ಲಿಸ್ಟ್ ನೋಡಿ ಬಂದವರ ಮುಂದೆ ಅವರು ಪ್ರತಿ ಸಲ ಎದ್ದು ನಿಲ್ಲಬೇಕು, ಎಲ್ಲರೂ ಮುಖ ಮಾಡ್ತಾರೆ. ಅದು ಸರಿ ಅಲ್ಲ. ಇನ್ನೊಬ್ಬರು ಹೋಗುವ ಮೊದಲು ಪ್ಲೀಸ್ ಸರಿ ಮಾಡಿ.’

‘ಇದನ್ನು ನೀವು ಪೂರ್ತಿ ಓದಿದ್ದೀರಾ?’ ಎಂದು ಕೇಳಿದೆ.

‘ಗಲತ್ ಅಂತ ಇರುವಲ್ಲಿವರೆಗೆ ಓದಿದ್ದೆ’ ಎಂದರು ಪಾಪದ ಮುಖ ಮಾಡಿ.

ನಾನು ಇನ್ನೊಮ್ಮೆ ಓದಿದೆ. ಕಣ್ಣು ತುಂಬಿತು, ಅದನ್ನು ಮರೆಮಾಡಲು ಬನ್ಸಿನ ತಟ್ಟೆ ಎತ್ತಿ ಹೊರಗಿನ ಬೇಸಿನ್ನಿಗೆ ಹೋದೆ. ಅವನು ಹುಬ್ಬು ಗಂಟಿಕ್ಕಿದ್ದು ನನಗಲ್ಲ, ಕಾಗದಕ್ಕೆ. ದಿನವಿಡೀ ಅಳತೆ ನೋಡುವವನು ಅಳತೆ ತಪ್ಪಿದ್ದನ್ನು ಕಂಡುಹಿಡಿದಿದ್ದ, ಅಷ್ಟೆ. ನಾನು ಮೂರು ಮನೆಯವರ ಮುಖ ನೋಡಿ ನನ್ನಲ್ಲೇ ತಪ್ಪಿದೆ ಎಂದುಕೊಂಡಿದ್ದೆ. ಇವನು ಒಂದೇ ಸಲ ನೋಡಿ ಪಟ್ಟಿಯಲ್ಲಿ ತಪ್ಪಿದೆ ಎಂದಿದ್ದ.

ಮೊದಲು ಅಮ್ಮನಿಗೆ ಫೋನ್ ಮಾಡಿದೆ. ‘ನೀನು ಬರೆದದ್ದು ಸರಿ ಇತ್ತಮ್ಮ, ಕಂಪ್ಯೂಟರು ತಪ್ಪಿದ್ದು’ ಎಂದೆ. ‘ನಾನು ಹೇಳ್ಲಿಲ್ವಾ?’ ಎಂದು ಅವರು ಜೋರಾಗಿ ಹೇಳಿದರು. ಆ ಜೋರು ಕೇಳಿ ನನಗೆ ಸಮಾಧಾನವಾಯಿತು. ಆಮೇಲೆ ಸಂಘದ ಮೆಟ್ಟಿಲಿನಲ್ಲಿ ಕುಳಿತು ಅಂಬರನಾಥದವನಿಗೆ ಫೋನ್ ಹಚ್ಚಿದೆ.

‘ನಿಮ್ಮ ಕಂಪ್ಲೇಂಟ್ ಸರಿ ಮಾಡಿದ್ದೇವೆ’ ಎಂದೆ, ಆಫೀಸಿನ ದನಿಯಲ್ಲಿ. ಯಾರು ಮಾತಾಡುತ್ತಿರುವುದೆಂದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

‘ಓ. ಆಪ್. ಥ್ಯಾಂಕ್ ಯೂ’ ಎಂದ. ಆಮೇಲೆ ನಿಧಾನವಾಗಿ, ಕನ್ನಡ ಹುಡುಕಿಕೊಂಡು, ‘ಆ ದಿನ ನೀವು ಬಹುತ್ ಕೋಪದಲ್ಲಿ ಇದ್ರಿ. ಅದಕ್ಕೆ ನಾನು ಫೋನ್ ಮಾಡ್ಲಿಲ್ಲ.’

‘ನಿಮ್ಮ ಅಮ್ಮ ಉದ್ದವಾಯಿತು ಅಂದರು.’

‘ಹಾಂ. ಮಮ್ಮಿ ಬೋಲಿ. ಮೈನೆ ನಹೀ ಬೋಲಾ. ನಾನು ಹೇಳ್ಲಿಲ್ಲ.’

ಇನ್ನೂ ಒಂದು ವಿಷಯ ಹೇಳುವುದಿತ್ತು. ಹೇಳಿಯೇಬಿಟ್ಟೆ. ‘ಈಗ ಲಿಸ್ಟ್ ಸರಿಯಾಗಿದೆಯಲ್ಲ, ನನ್ನ ಪಟ್ಟಿಯಲ್ಲಿ ನಿಮ್ಮ ಹೆಸರು ಬರುತ್ತಾ ಇಲ್ಲ.’

ಆ ಕಡೆಯಿಂದ ಒಂದು ಫಾಸ್ಟ್ ಲೋಕಲ್ ಹಾದುಹೋಗುವ ಸದ್ದು ಕೇಳಿಸಿತು.

‘ತೋ ಲಿಸ್ಟ್ ಅಭೀ ಭೀ ಗಲತ್ ಹೈ’ ಎಂದ. ಹಾಗಾದರೆ ಪಟ್ಟಿ ಈಗಲೂ ತಪ್ಪೇ ಅಂತೆ.

ನಾನು ಯೋಚಿಸಲು ಹೋಗಲಿಲ್ಲ. ಬರುವ ಭಾನುವಾರ ಅಮ್ಮನನ್ನು ಕರೆದುಕೊಂಡು ನಾನೇ ಕಳವಾಕ್ಕೆ ಬರುತ್ತೇನೆ, ಅವನ ತಾಯಿಯ ಹತ್ತಿರ ಮಾತಾಡುತ್ತೇನೆ ಎಂದುಬಿಟ್ಟೆ. ಹುಡುಗಿ ಹೀಗೆ ತಾನಾಗಿ ಹೊರಡುವ ರೂಢಿ ನಮ್ಮಲ್ಲಿಲ್ಲ. ಅದು ಅವನಿಗೂ ಗೊತ್ತಿತ್ತು. ಅವನು ಬೇಡ ಎನ್ನಲಿಲ್ಲ, ಮಮ್ಮಿಯನ್ನು ಕೇಳಿ ಹೇಳುತ್ತೇನೆ ಎಂದೂ ಎನ್ನಲಿಲ್ಲ.

‘ಬನ್ನಿ’ ಎಂದ. ‘ನಮ್ಮದು ಹಳೇ ರೂಮ್, ಬಾಗಿಲು ಗಿಡ್ಡ ಉಂಟು. ನಿಮ್ಮ ತಲೆಗೆ ತಾಗ್ಬಹುದು, ಸ್ವಲ್ಪ ಬಗ್ಗಿ ಬನ್ನಿ.’